ಪೀಡಿ ಮೇಡಂ ಕೆಲಸ ಬಿಟ್ಟದ್ದು

ಪೀಡಿ ಮೇಡಂ ಕೆಲಸ ಬಿಡುತ್ತಾರಂತೆ ಅನ್ನುವ ಸುದ್ದಿಯನ್ನು ನನಗೆ ಹೇಳಿದ್ದು ಕಾಲೇಜಿನ ಕ್ಯಾಂಟೀನಿನವನು. ಕಾಫಿ ಲೋಟ ಮುಂದಿಡುತ್ತಾ, "ಗೊತ್ತಾಯ್ತಾ ಮೇಡಂ, ನಮ್ ಪೀಡಿ ಮೇಡಂ ಓಯ್ತಾವ್ರಂತೆ" ಅಂದ. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಜೊತೆಗಿದ್ದವಳಿಗೆ ಒಂದು ಮಾತು ಹೇಳದೆ ಕ್ಯಾಂಟೀನಿನಲ್ಲಿ ಹೇಳಿದ್ದಾರಲ್ಲ ಅಂತ. ಸಿಟ್ಟು ಇಳಿಯುವ ಮೊದಲೇ ಒಂದು ಬಗೆಯ ನೆಮ್ಮದಿಯೂ ಬಂತು, ಸದ್ಯ ಹೋಗುತ್ತಾರಲ್ಲ ಅಂತ. ಆಮೇಲೆ, ನಾನು ಹೋಗುವ ದಿನ ಈ ಮನುಷ್ಯನ ಕಣ್ಣು ಹೀಗೆ ಒದ್ದೆಯಾಗುತ್ತದೆಯೇ ಅನ್ನಿಸಿತು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕೆ.ಆರ್. ಪೇಟೆಯ ನಮ್ಮ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಅವರು ದೈಹಿಕ ಶಿಕ್ಷಣ ನಿರ್ದೇಶಕಿ. ಅಷ್ಟುದ್ದದ ಹೆಸರು ಬೋರ್ಡಿನ ಮೇಲೆ ಮಾತ್ರ. ಇಂಗ್ಲಿಷಿನ ಎರಡಕ್ಷರ ಹಿಡಿದು ಎಲ್ಲರೂ ಪೀಡಿ ಮೇಡಂ ಅನ್ನುತ್ತಿದ್ದರು. ಬಾಯಲ್ಲಿ ನಾನೂ ಹಾಗೇ ಅನ್ನುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ, ಕೊನೆಯ ಅಕ್ಷರದ ಗುಡಿಸು ತೆಗೆದು ಎತ್ವ ಕೊಟ್ಟು ಕರೆದ ದಿನಗಳು ಬೇಕಾದಷ್ಟಿವೆ.

ನಾವಿಬ್ಬರೂ ಕೆಲಸಕ್ಕೆ ಸೇರಿದ್ದು ಒಂದೇ ವಾರದಲ್ಲಿ. ನಾನು ಪಾಂಡವಪುರದಿಂದ ಬಸ್ಸಿನಲ್ಲಿ, ಗಂಜಿ ಹಾಕಿದ ಸೀರೆ ಮುದುಡದ ಹಾಗೆ ನಿಂತೇ ಬಂದಿದ್ದೆ. ಅವರು ಬೂಕನಕೆರೆಯಿಂದ ಮೊಪೆಡ್ಡಿನಲ್ಲಿ, ಹಿಂದೆ ಬಲೆಚೀಲದಲ್ಲಿ ಚೆಂಡು ಕಟ್ಟಿಕೊಂಡು ಬಂದರು. ಪ್ರಿನ್ಸಿಪಾಲರು ಕುರ್ಚಿ ತೋರಿಸಿ ಕೂತುಕೊಳ್ಳಿ ಅಂದರೆ, "ಕೂತ್ಕಂತೀನಿ ಸಾರ್, ಮೊದ್ಲು ಗ್ರೌಂಡ್ ಎಲ್ಲೈತೆ ತೋರ್ಸಿ" ಅಂದರು. ಗ್ರೌಂಡು ಅಂತ ಇದ್ದದ್ದು ಲಂಟಾನ ಬೆಳೆದ ಒಂದು ಬಯಲು. ಊರಿನ ದನ ಅಲ್ಲಿ ಮೇಯುತ್ತಿದ್ದವು. ನಾನು ಮೊದಲ ಪಾಠ ಮುಗಿಸಿ ಬರುವಷ್ಟರಲ್ಲಿ ದನಗಳನ್ನೆಲ್ಲ ಅಟ್ಟಿ, ಹುಡುಗಿಯರನ್ನು ಸೇರಿಸಿಕೊಂಡು ಗಿಡ ಕೀಳಿಸುತ್ತಿದ್ದರು. ದನ ಬಿಟ್ಟವರೊಬ್ಬರು ಜಗಳಕ್ಕೆ ಬಂದು, ಕೊನೆಗೆ ತಾವೂ ಕುಡುಗೋಲು ಹಿಡಿದು ಗಿಡ ಸವರುತ್ತಿದ್ದದ್ದನ್ನು ನಾನೇ ಕಂಡೆ. ಪೀಡಿ ಮೇಡಂ ಆತನಿಗೆ ಏನು ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಕುಳ್ಳು ಆಳು, ದಪ್ಪ ಮಣಿಕಟ್ಟು, ಬಿಸಿಲಿಗೆ ಕಂದಿದ ಮುಖ. ಕೊರಳಲ್ಲಿ ತಾಳಿ, ಅದರ ಜೊತೆಗೇ ಸೀಟಿ. ಎರಡರ ದಾರವೂ ಗಂಟು ಬಿದ್ದು, ಯಾವಾಗ ನೋಡಿದರೂ ಮೈದಾನದ ಮೂಲೆಯಲ್ಲಿ ನಿಂತು ಬಿಡಿಸಿಕೊಳ್ಳುತ್ತಿರುವರು. "ಇದ್ರಾಗೆ ಯಾವ್ದುನ್ನ ಬಿಚ್ಚಿಡ್ಲಿ ಅಂತ ನಮ್ಮೆಜಮಾನ್ರ ಕೇಳ್ದೆ ಮೇಡಂ. ಸೀಟಿ ಮಾತ್ರ ಬಿಚ್ಚಬ್ಯಾಡ, ಅದ್ರಿಂದ ಸಂಬಳ ಬತ್ತದೆ ಅಂದ್ರು" ಅಂತ ಸ್ಟಾಫ್ ರೂಮಿನ ನಡುವೆ ನಿಂತು ಹೇಳಿ ತಾವೇ ಮೊದಲು ನಗುವರು. ಅವರ ಯಜಮಾನರು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದವರು. ಒಬ್ಬ ಮಗ, ಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೂತ ಕಡೆಯಿಂದ ಏಳುವ ಆಸಾಮಿಯಲ್ಲ. "ಊರ್ ಮಕ್ಕಳ್ನೆಲ್ಲಾ ಓಡುಸ್ದೆ, ಇವನೊಬ್ಬನ್ನ ಏಳ್ಸಕ್ಕಾಗ್ನಿಲ್ಲ" ಅನ್ನುವರು. ನಾನಾಗಿದ್ದರೆ ಇಂಥ ಮಾತನ್ನು ನಾಲ್ಕು ಜನರ ಮುಂದೆ ಆಡುತ್ತಿರಲಿಲ್ಲ. ಅವರು ಆಡಿದರೆ ಜನ ಇನ್ನೂ ಹತ್ತಿರ ಬರುತ್ತಿದ್ದರು.

ಗಂಟಲಂತೂ ಕೇಳಬೇಡಿ. ನನ್ನ ತರಗತಿಯ ಕಿಟಕಿ ಮೈದಾನದ ಕಡೆಗೇ ಇತ್ತು. ಹಳಗನ್ನಡದ ಒಂದು ಪದ್ಯವನ್ನು ಬಿಡಿಸಿ, ಅರ್ಥ ಹೇಳಿ, ಇನ್ನೇನು ಅದರ ಸೊಗಸಿಗೆ ಮಕ್ಕಳನ್ನು ಕರೆದುಕೊಂಡು ಹೋಗಬೇಕು, ಆಗ ಹೊರಗಿನಿಂದ "ಎಲ್ ನೋಡ್ತಿದ್ದೀಯೆ ನಮ್ಮವ್ವಾ! ಕಾಲ್ ನೋಡೇ, ಅವ್ಳ ಕಾಲ್ ನೋಡೇ!" ಅಂತ ಬರುವುದು. ಇಡೀ ಕ್ಲಾಸಿನ ಕತ್ತು ಕಿಟಕಿಯ ಕಡೆಗೆ. ಒಂದು ದಿನ ವರಾಂಡದಲ್ಲಿ ನಿಲ್ಲಿಸಿ ಹೇಳಿಯೇಬಿಟ್ಟೆ.

"ಮೇಡಂ, ಸ್ವಲ್ಪ ಮೆಲ್ಲಗೆ ಕೂಗೋಕಾಗಲ್ವಾ? ಮಕ್ಕಳ ಗಮನ ಹೋಗುತ್ತೆ."

ಅವರು ಕೆನ್ನೆಗೆ ಕೈ ಹಚ್ಚಿಕೊಂಡರು. "ಅಯ್ಯೋ, ನನ್ ಗಂಟ್ಲು ಗದ್ದೇಲಿ ಬೆಳ್ದಿದ್ದು ಮೇಡಂ. ಬಾವಿ ತಾವ ನಿಂತ್ಕಂಡು ಕರದ್ರೆ ಕಬ್ಬಿನ್ ಗದ್ದೆ ಆಚೆ ನಮ್ಮಪ್ಪಂಗೆ ಕೇಳ್ಬೇಕಾಗಿತ್ತು. ಇನ್ ಮೇಲೆ ಆ ಕಡೆ ಮೂಲೇಲಿ ಆಡುಸ್ತೀನಿ ಬುಡಿ."

ಹೇಳಿದ ಹಾಗೇ ಆಚೆ ಮೂಲೆಗೆ ಹೋದರು. ನನ್ನ ಪಾಠಕ್ಕೆ ಬೇಕಾದಷ್ಟು ಮೌನ ಸಿಕ್ಕಿತು. ಮಕ್ಕಳ ಕತ್ತು ಮಾತ್ರ ಕಿಟಕಿಯ ಕಡೆಗೇ ಇತ್ತು. ಈಗ ದೂರದಲ್ಲಿ ಏನಾಗುತ್ತಿದೆ ಅಂತ ಕಾಣದೆ ಇನ್ನೂ ಉದ್ದವಾಗಿತ್ತು.

ನಾಗಮಂಗಲದ ಕಡೆಯ ಹಳ್ಳಿಯೊಂದರಿಂದ ಬಂದು ನಮ್ಮ ಹಾಸ್ಟೆಲ್ಲಿನಲ್ಲಿದ್ದ ಒಬ್ಬ ಹುಡುಗಿ ಖೊಖೊ ಚೆನ್ನಾಗಿ ಆಡುತ್ತಿದ್ದಳು. ಪಂದ್ಯ ಹತ್ತಿರ ಬಂದಾಗ ಅವಳ ಅಪ್ಪ ಬಂದು ಮಗಳನ್ನು ಊರಿಗೆ ಕರೆದುಕೊಂಡು ಹೋಗಿಬಿಟ್ಟರು. ಒಪ್ಪಿಸಿ ಕರೆತರೋಣ ಅಂತ ಪೀಡಿ ಮೇಡಂ ಹೊರಟರು. "ನೀವೂ ಬನ್ನಿ ಮೇಡಂ, ನಿಮ್ಗೆ ಮಾತು ಚೆಂದಾಗಿ ಬತ್ತದೆ" ಅಂತ ನನ್ನನ್ನೂ ಎಳೆದುಕೊಂಡು ಹೋದರು. ನನಗೆ ಒಳಗೊಳಗೇ ಹಿಗ್ಗು. ತೆಂಗಿನ ತೋಟದ ಪಕ್ಕದ ಮನೆ. ಜಗಲಿಯ ಮೇಲೆ ಕೂತು ನಾನು ಹೆಣ್ಣುಮಕ್ಕಳ ಓದು, ಸ್ವಾತಂತ್ರ್ಯ, ಕಾಲ ಬದಲಾಗಿರುವುದು ಎಲ್ಲವನ್ನೂ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಆ ಮನುಷ್ಯ ಕೊನೆಯವರೆಗೂ ಕೇಳಿ, "ಚಡ್ಡಿ ಆಕ್ಕೊಂಡು ನಾಕ್ ಊರ್ ಜನದ ಮುಂದೆ ಕುಣಿಯಕ್ಕಾ ನಾನು ಮಗಳ್ನ ಕಾಲೇಜಿಗೆ ಆಕಿರೋದು?" ಅಂತ ಶುರುಮಾಡಿದರು. ಕಾಲೇಜು, ಪ್ರಿನ್ಸಿಪಾಲು, ಸರ್ಕಾರ ಯಾವುದನ್ನೂ ಬಿಡಲಿಲ್ಲ. ಪೀಡಿ ಮೇಡಂ ಆ ಮನೆಯ ಮುದ್ದೆ ಉಪ್ಸಾರು ಉಣ್ಣುತ್ತಾ ತಲೆಯೆತ್ತದೆ ಕೇಳುತ್ತಿದ್ದರು. ಆತ ಉಸಿರಿಗೆ ನಿಂತಾಗ ಕೇಳಿದರು:

"ಇನ್ನೂ ಬಯ್ಯೋದೈತಾ ಅಣ್ಣಾ? ಇದ್ರೆ ಬೈದ್ಬುಡು. ಆಮೇಲ್ ಮಾತಾಡಾನ."

ಒಳಗಿನಿಂದ ಹೆಂಡತಿ ಕಿಸಕ್ಕನೆ ನಕ್ಕರು. ಆತನಿಗೂ ನಗು ಬಂತು, ತಡೆದುಕೊಂಡರು.

"ಪಾಂಡವಪುರದಲ್ಲಿ ಆಟ. ನೀನೇ ಬಾ. ಗೆರೆ ಪಕ್ಕ ಕೂತ್ಕಂಡು ನೋಡು. ಎಲ್ಲಿ ಬ್ಯಾಡ ಅನ್ನುಸ್ತದೋ ಅಲ್ಲೇ ಎದ್ದು ಕೈ ಇಡ್ಕಂಡು ಕರ್ಕಂಡೋಗು. ನಾನ್ ಒಂದ್ ಮಾತು ಆಡಕ್ಕಿಲ್ಲ."

ಆತ ಬಿಳಿ ಪಂಚೆಯುಟ್ಟು ಬಂದು ಗೆರೆಯ ಪಕ್ಕ ಮುಖ ಗಂಟು ಹಾಕಿಕೊಂಡು ಕೂತರು. ಮೊದಲ ಸುತ್ತು ಮುಗಿಯುವ ಹೊತ್ತಿಗೆ ನಿಂತಿದ್ದರು. ಎರಡನೆಯ ಸುತ್ತಿನಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಗೆರೆಯ ಒಳಗೇ ಬಂದು, "ಓಡೇ ನನ್ನವ್ವಾ, ಓಡು!" ಅಂತ ಕೂಗುತ್ತಿದ್ದವರನ್ನು ಅಂಪೈರು ಎರಡು ಸಲ ಹೊರಗೆ ಕಳಿಸಬೇಕಾಯಿತು. ಗೆದ್ದ ಮೇಲೆ ಎಲ್ಲರಿಗೂ ಎಳನೀರು ಕುಡಿಸಿದರು. ನನ್ನ ಕೈಗೂ ಒಂದು ಕೊಟ್ಟು, "ತಾವು ಆ ಮೇಡಮ್ಮೋರಿಗೆ ಏನಾಗ್ಬೇಕು?" ಅಂತ ಕೇಳಿದರು. ಅವರ ಮನೆಯ ಜಗಲಿಯ ಮೇಲೆ ಅಷ್ಟು ಹೊತ್ತು ಮಾತಾಡಿದವಳು ನಾನು. ನನ್ನ ಮುಖವೇ ಅವರಿಗೆ ನೆನಪಿರಲಿಲ್ಲ.

ಇವನ್ನೆಲ್ಲ ನುಂಗಿಕೊಳ್ಳಬಹುದಿತ್ತು. ಸಹೋದ್ಯೋಗಿಗಳ ನಡುವೆ ಇಂಥದ್ದು ಇದ್ದದ್ದೇ. ಆದರೆ ನನ್ನ ಮಗಳು ಪಿಯುಸಿ ಮುಗಿಸಿ ನಮ್ಮ ಕಾಲೇಜಿಗೇ ಸೇರಿದಳು. ಅವಳು ನನ್ನ ಕ್ಲಾಸಿನಲ್ಲಿ ಕೂರುತ್ತಾಳೆ, ಮನೆಯಲ್ಲಿ ಗದರುವ ಅಮ್ಮ ಪಾಠ ಮಾಡುವಾಗ ಬೇರೆಯೇ ಅಂತ ಅವಳಿಗೆ ಗೊತ್ತಾಗುತ್ತದೆ ಅಂತ ನಾನು ಎಷ್ಟೋ ಆಸೆ ಇಟ್ಟುಕೊಂಡಿದ್ದೆ. ಕೂತಳು, ನಿಜ. ತಿಂಗಳು ಕಳೆಯುವುದರೊಳಗೆ ಖೊಖೊ ತಂಡಕ್ಕೂ ಸೇರಿದಳು. ಆಮೇಲೆ ಮನೆಯಲ್ಲಿ ಎದ್ದರೆ ಕೂತರೆ ಪೀಡಿ ಮೇಡಂ. ಮೇಡಂ ನೆನೆಸಿದ ಕಡಲೆಕಾಳು ತಿನ್ನು ಅಂದರು. ಮೇಡಂ ಬೆಳಿಗ್ಗೆ ಬೇಗ ಏಳು ಅಂದರು. ನಾನು ಅದೇ ಕಡಲೆಕಾಳನ್ನು ಅವಳ ಹಿಂದೆ ಹಿಂದೆ ಹಿಡಿದುಕೊಂಡು ಓಡಾಡಿ ಸೋತವಳು. ನನ್ನ ಪಾಠ ಹೇಗಿರುತ್ತದೆ ಅಂತ ಒಂದು ದಿನ ನಾನೇ ಬಾಯಿಬಿಟ್ಟು ಕೇಳಿದೆ. "ಚೆನ್ನಾಗಿರುತ್ತಮ್ಮ" ಅಂದಳು. ಶೂ ದಾರ ಕಟ್ಟಿಕೊಳ್ಳುತ್ತಿದ್ದಳು, ತಲೆ ಎತ್ತಲಿಲ್ಲ.

ಅವಳು ಕೊನೆಯ ವರ್ಷದಲ್ಲಿದ್ದಾಗ ಶ್ರೀರಂಗಪಟ್ಟಣದಲ್ಲಿ ಪಂದ್ಯವಿತ್ತು. ಮಧ್ಯಾಹ್ನ ಪಾಠದಲ್ಲಿದ್ದೆ, ಫೋನು ಬಂತು. "ಗಾಬ್ರಿ ಮಾಡ್ಕಬ್ಯಾಡಿ ಮೇಡಂ. ಕಂಬ ಇಡಿಯಕ್ಕೋಗಿ ಭುಜದ ಮೇಲೆ ಬಿದ್ಬುಟ್ಳು. ಆಸ್ಪತ್ರೇಲಿದ್ದೀವಿ. ಮಾತಾಡ್ತಾವ್ಳೆ, ಪ್ರಜ್ಞೆ ಐತೆ. ನೀವು ನಿಧಾನಕ್ ಬನ್ನಿ." ನಿಧಾನಕ್ಕೆ ಹೇಗೆ ಹೋಗಲಿ? ಸಿಕ್ಕಿದ ಬಸ್ಸು ಹತ್ತಿದೆ. ಆ ದಾರಿಯುದ್ದಕ್ಕೂ ಆ ಹೆಂಗಸನ್ನು ನಾನು ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದುಕೊಂಡಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ನರ್ಸು ತಡೆದರು. "ಒಬ್ಬರಿಗೆ ಮಾತ್ರ ಒಳಗೆ ಬಿಡೋದು. ಅವರಮ್ಮ ಆಗಲೇ ಇದಾರೆ."

"ನಾನು ಅವಳಮ್ಮ" ಅಂದೆ.

ನರ್ಸು ನನ್ನನ್ನೊಮ್ಮೆ, ಒಳಗೊಮ್ಮೆ ನೋಡಿದರು. ಒಳಗೆ ನನ್ನ ಮಗಳು ಕಣ್ಣು ಮುಚ್ಚಿ ಮಲಗಿದ್ದಳು. ಭುಜಕ್ಕೆ ಕಟ್ಟು ಕಟ್ಟಿದ್ದರು. ಪೀಡಿ ಮೇಡಂ ಮಂಚದ ಅಂಚಿನಲ್ಲಿ ಕೂತು, ಅವಳ ಕೂದಲಿಗಂಟಿದ ಮಣ್ಣನ್ನು ಬೆರಳಿನಲ್ಲಿ ಬಿಡಿಸುತ್ತಿದ್ದರು. ಅವಳ ಇನ್ನೊಂದು ಕೈ ಅವರ ಸೆರಗನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ನನ್ನನ್ನು ಕಂಡ ತಕ್ಷಣ ಅವರು ಎದ್ದರು. ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, "ಅವ್ವ ಬಂದ್ರು ನೋಡೇ, ಕಣ್ ಬುಡು" ಅಂದು, ಆ ಕೈಯನ್ನು ನನ್ನ ಕೈಗೆ ಕೊಟ್ಟು, ಹೊರಗೆ ಹೋದರು. ಒಂದಿಷ್ಟಾದರೂ ಅಲ್ಲೇ ನಿಂತಿದ್ದರೆ, ಇದು ನನ್ನ ಜಾಗ ಅನ್ನುವ ಹಾಗೆ ಒಂದು ಮಾತಾಡಿದ್ದರೆ, ನನಗೆ ಅವರನ್ನು ದ್ವೇಷಿಸಲು ದಾರಿ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ.

ಸಂಜೆ ವರಾಂಡದ ಬೆಂಚಿನ ಮೇಲೆ ಇಬ್ಬರೂ ಕೂತು ಟೀ ಕುಡಿಯುತ್ತಿದ್ದೆವು. ಅವರು ಅವರ ಪಾಡಿಗೆ ಲೆಕ್ಕ ಹಾಕುತ್ತಾ, "ಈ ಭುಜ ಕೂಡ್ಕಳೋವರ್ಗೂ ಬಿಪಿಎಡ್ಡಿಗೆ ಸೇರ್ಸಕ್ಕಾಗಕ್ಕಿಲ್ಲ. ಒಂದ್ ವರ್ಸ ಓಯ್ತದೆ ಅಷ್ಟೇಯ" ಅಂದರು.

"ಯಾರು ಬಿಪಿಎಡ್ ಸೇರೋದು?" ಅಂದೆ. ಮಗಳು ಕನ್ನಡ ಎಂಎ ಮಾಡುತ್ತಾಳೆ ಅಂತ ನಾನು ಮೈಸೂರಿನಲ್ಲಿ ಹಾಸ್ಟೆಲ್ಲು ಕೂಡ ವಿಚಾರಿಸಿ ಬಂದಿದ್ದೆ.

ಅವರು ಟೀ ಲೋಟ ಕೆಳಗಿಟ್ಟರು. "ಏಳಿಲ್ವಾ ನಿಮ್ಗೆ?"

ಇಲ್ಲ ಅಂತ ತಲೆಯಾಡಿಸಿದೆ.

"ಏಳಿರ್ತಾಳೆ ಅನ್ಕಂಡೆ ಮೇಡಂ. ಅವತ್ತೇ ಅಂದಿದ್ದೆ, ಮೊದ್ಲು ಅವ್ವಂಗೇಳು ಅಂತ." ಟೀ ಲೋಟ ಮತ್ತೆ ಕೈಗೆತ್ತಿಕೊಂಡು ಅಂದರು: "ನಿಮ್ಗೆ ನೋವಾಯ್ತದೆ ಅಂತ ಸುಮ್ನಿದ್ಳೇನೋ. ನನ್ ತಾವ ಏಳಕ್ಕೆ ಏನು, ನಂಗೇನ್ ನೋವಾಯ್ತದೆ?"

ಸಮಾಧಾನಕ್ಕೆ ಹೇಳಿದ ಮಾತು ಅಂತ ಗೊತ್ತಿತ್ತು. ಆದರೆ ನನ್ನ ಹೊಟ್ಟೆಯೊಳಗಿನ ಉರಿ ಆ ಹೊತ್ತಿನಷ್ಟು ಯಾವತ್ತೂ ಎದ್ದಿರಲಿಲ್ಲ. ನನ್ನ ಮನೆಯ ಸಂಗತಿ ನನಗಿಂತ ಮೊದಲು ಅವರಿಗೆ ಗೊತ್ತಿತ್ತು. ನನ್ನ ಮಗಳ ಕನಸು ಅವರ ಚೆಂಡಿನ ಬಲೆಚೀಲದ ಪಕ್ಕದಲ್ಲಿ ಬೆಳೆದಿತ್ತು. ಮಗಳು ಮುಂದೆ ಬಿಪಿಎಡ್ಡೇ ಮಾಡಿದಳು. ಈಗ ನಾಗಮಂಗಲದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಭಾನುವಾರ ಮನೆಗೆ ಬರುತ್ತಾಳೆ, ಚೆನ್ನಾಗಿದ್ದಾಳೆ. ಚೆನ್ನಾಗಿರುವುದನ್ನು ಕಂಡಾಗಲೂ ನನಗೆ ಸಂತೋಷದ ಜೊತೆಗೇ ಒಂದು ಚುಚ್ಚು ಇದ್ದೇ ಇರುತ್ತದೆ.

ಕ್ಯಾಂಟೀನಿನಲ್ಲಿ ಸುದ್ದಿ ಕೇಳಿದ ದಿನ ನಾನು ಅವರ ಕೋಣೆಗೆ ಹೋದೆ. ವೇದಿಕೆಯ ಹಿಂದೆ, ಸುಣ್ಣದ ಪುಡಿ ಮತ್ತು ನೋವಿನೆಣ್ಣೆ ವಾಸನೆಯ ಸಣ್ಣ ಕೋಣೆ. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಓಡಾಡುವುದು ಬೇಡ, ಕುರ್ಚಿ ಹಾಕಿಕೊಂಡು ಕೂತು ಆಡಿಸಿ ಸಾಕು ಅಂತ ಆಡಳಿತ ಮಂಡಳಿಯವರೇ ಹೇಳಿದ್ದರಂತೆ.

"ಮತ್ತೆ ಯಾಕೆ ಬಿಡ್ತೀರಿ? ಇನ್ನೂ ಸರ್ವಿಸಿದೆಯಲ್ಲ" ಅಂದೆ.

"ಸರ್ವಿಸೈತೆ ಮೇಡಂ. ಮಂಡಿ ಇಲ್ವಲ್ಲ" ಅಂತ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಮೊನ್ನೆ ಉಡ್ಗೀರೇ ಚೇರು ತಂದಾಕುದ್ರು, ಪ್ರೀತಿಗೆ. ಕೂತ್ಕಂಡು ನೋಡ್ತಿದ್ದೆ. ಒಬ್ಳು ಕಾಲು ತಪ್ಪಾಕ್ತಾವ್ಳೆ. ಎದ್ದೋಗಿ ಇಂಗಲ್ಲ ಅಂಗೆ ಅಂತ ತೋರುಸ್ಬೇಕು. ಏಳಕ್ಕಾಗ್ನಿಲ್ಲ. ಕೂತಲ್ಲಿಂದ್ಲೇ ಬೈದ್ಬುಟ್ಟೆ, ಬಾಯಿಗ್ ಬಂದಂಗೆ. ಆ ಮಗಾ ಅತ್ಬುಡ್ತು. ಆಮೇಲ್ ಯೋಚ್ನೆ ಮಾಡುದ್ರೆ, ನನ್ ಸಿಟ್ಟು ಅವ್ಳ ಮೇಲಲ್ಲ, ಈ ಮಂಡಿ ಮೇಲೆ. ಇನ್ ಮೇಲೆ ದಿನಾ ಇಂಗೇಯ. ಯಾರ್ ಮ್ಯಾಲಿನ್ ಸಿಟ್ಟುನ್ನೋ ಯಾರ್ ಮ್ಯಾಲೋ ಆಕಂಡು ಸಂಬಳ ತಗಳ್ಳಾ? ಬ್ಯಾಡ ಬುಡಿ."

ನನಗೆ ಹೇಳದೆ ಕ್ಯಾಂಟೀನಿನವನಿಗೆ ಯಾಕೆ ಹೇಳಿದಿರಿ ಅಂತ ಕೇಳಬೇಕೆಂದು ಹೋಗಿದ್ದೆ. ಕೇಳಲಿಲ್ಲ. ಎದ್ದು ಬಂದು, ಖಾಲಿ ಕ್ಲಾಸಿನಲ್ಲಿ ಸುಮ್ಮನೆ ಕೂತೆ. ಈ ಹೆಂಗಸಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚುಗಳೆಲ್ಲ ಒಂದು ತೂಕವಾದರೆ ಇದೇ ಒಂದು ತೂಕ. ಅವರಿಗೆ ಸಾಕು ಅಂತ ಹೇಳಲು ಒಂದು ಮಂಡಿಯಿತ್ತು. ನನ್ನ ಕ್ಲಾಸಿನಲ್ಲೀಗ ಹಿಂದಿನ ಸಾಲಿನವರು ಡೆಸ್ಕಿನ ಕೆಳಗೆ ಮೊಬೈಲು ನೋಡುತ್ತಾರೆ. ಮುಂದಿನ ಸಾಲಿನವರು ಮರ್ಯಾದೆಗೆ ನನ್ನ ಮುಖ ನೋಡುತ್ತಾರೆ. ನಾನು ಹೇಳಿದ್ದನ್ನೇ ಹೇಳುತ್ತೇನೆ, ನಗಬೇಕಾದ ಕಡೆ ನಾನೇ ನಗುತ್ತೇನೆ. ಪಾಠ ಹೇಳುವವಳಿಗೆ ಮಂಡಿ ಎಲ್ಲಿರುತ್ತದೆ? ಅದು ಸವೆದರೆ ಯಾವ ಕಡೆ ನೋಯುತ್ತದೆ?

ಬೀಳ್ಕೊಡುಗೆಯನ್ನು ಅವರ ಹಟಕ್ಕೆ ಸಭಾಂಗಣದ ಬದಲು ಮೈದಾನದಲ್ಲೇ ಇಟ್ಟುಕೊಂಡರು. ಹಳೆಯ ಹುಡುಗಿಯರು ಎಲ್ಲೆಲ್ಲಿಂದಲೋ ಬಂದಿದ್ದರು. ಒಬ್ಬಳು ಪೊಲೀಸ್ ಪೇದೆ, ಒಬ್ಬಳು ಬಸ್ ಕಂಡಕ್ಟರು, ಕಂಕುಳಲ್ಲಿ ಮಗು ಇದ್ದವರು ಹಲವರು. ನನ್ನ ಮಗಳೂ ನಾಗಮಂಗಲದಿಂದ ಬಂದಿದ್ದಳು. ಅಭಿನಂದನೆಯ ಮಾತು ಎಂದಿನಂತೆ ನನ್ನ ಪಾಲಿಗೆ. ವಾರವೆಲ್ಲ ಕೂತು ಸಿದ್ಧಮಾಡಿದ್ದೆ. ಮೈದಾನವನ್ನು ತೊಟ್ಟಿಲಿಗೆ ಹೋಲಿಸಿದೆ, ಅವರನ್ನು ನೆರಳು ಕೊಡುವ ಮರಕ್ಕೆ ಹೋಲಿಸಿದೆ, ದನಿ ಏರಿಸಬೇಕಾದ ಕಡೆ ಏರಿಸಿ ಇಳಿಸಬೇಕಾದ ಕಡೆ ಇಳಿಸಿದೆ. ಚಪ್ಪಾಳೆ ಬಂತು. ಅವರು ಮೈಕಿನ ಮುಂದೆ ನಿಂತು ಹೇಳಿದ್ದು ಇಷ್ಟೇ:

"ಮೇಡಂ ಭಾಳ ಚೆಂದಾಗಿ ಮಾತಾಡುದ್ರು. ಅರ್ಧ ನಂಗೆ ಅರ್ಥವಾಗ್ನಿಲ್ಲ. ಅರ್ಥವಾದ ಅರ್ಧ ನಾನಲ್ಲ. ಏಳ್ರೇ, ಬಿಸ್ಲು ಇಳೀತು, ಆಡಾನ."

ಮೈದಾನವೆಲ್ಲ ಘೊಳ್ಳೆಂದಿತು. ನಾನೂ ನಕ್ಕೆ, ನಗದೆ ಏನು ಮಾಡಲಿ? ಮಕ್ಕಳನ್ನು ಜೊತೆಗೆ ಬಂದಿದ್ದ ಅಜ್ಜಿಯರ ಕೈಗೆ ಕೊಟ್ಟು, ಸೀರೆ ಎತ್ತಿ ಸಿಕ್ಕಿಸಿ, ಹಳೆಯ ಹುಡುಗಿಯರು ಹೊಸಬರ ಮೇಲೆ ಆಡಿದರು. ಬಿದ್ದರು, ಎದ್ದರು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಪೀಡಿ ಮೇಡಂ ಕಂಬಕ್ಕೆ ಕೈಯೂರಿ ನಿಂತೇ ನೋಡಿದರು. ಆಟ ಮುಗಿಯುವ ಹೊತ್ತಿಗೆ ಅವರ ಯಜಮಾನರು ಬೈಕ್ ತಂದರು. ನನ್ನ ಮಗಳು ಅವರನ್ನು ಹಿಡಿದು ಹತ್ತಿಸಿದಳು. ಅವರು ಬಗ್ಗಿ ಇವಳ ಕಿವಿಯಲ್ಲಿ ಏನೋ ಹೇಳಿದರು. ದೂರದಿಂದ ನೋಡುತ್ತಿದ್ದ ನನಗೆ ಕೇಳಲಿಲ್ಲ. ಹೋಗುವಾಗಲೂ ಏನು ಗುಟ್ಟು ಇವರಿಬ್ಬರದು ಅಂದುಕೊಂಡೆ.

ಮಗಳ ಸ್ಕೂಟರಿನಲ್ಲಿ ಮನೆಗೆ ಹೊರಟೆವು. ದಾರಿಯಲ್ಲಿ ಹಸಿವಾಗುತ್ತಿದೆ ಅಂತ ಅವಳು ಹೋಟೆಲೊಂದರ ಮುಂದೆ ನಿಲ್ಲಿಸಿದಳು. ಸೆಟ್ ದೋಸೆ ಬಂತು. ಅವಳು ಮೊದಲ ತುತ್ತು ಮುರಿದು, ತಿನ್ನದೆ ನನ್ನ ಮುಖ ನೋಡಿದಳು.

"ಅಮ್ಮ, ನೀನು ಚಿಕ್ಕೋಳಿದ್ದಾಗ ಏನಾಡ್ತಿದ್ದೆ?"

ಇಂಥದ್ದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಗಂಡ ಕೂಡ. "ನಾಲೇಲಿ ಈಜ್ತಿದ್ದೆ" ಅಂದೆ.

"ನೀನಾ!"

"ಪಾಂಡವಪುರದ ಹತ್ರ, ನಮ್ಮ ಹೊಲದ ಪಕ್ಕದ ನಾಲೆ. ಅಣ್ಣಂದಿರ ಜೊತೆ. ಸೇತುವೆ ಕಟ್ಟೆ ಮೇಲಿಂದ ಹಾರ್ತಿದ್ದೆ. ಅವರಿಬ್ಬರೂ ಕಾಲು ಮುಂದೆ ಮಾಡಿ ಹಾರೋರು, ನಾನು ತಲೆ ಮುಂದೆ ಮಾಡಿ ಹಾರ್ತಿದ್ದೆ."

ಅವಳ ಕೈಯಲ್ಲಿದ್ದ ದೋಸೆ ಹಾಗೇ ಇತ್ತು. ನಾನು ಹೇಳುತ್ತಾ ಹೋದೆ. ನೀರಿನ ಸೆಳೆತ ಹೇಗಿರುತ್ತಿತ್ತು, ಒದ್ದೆ ಲಂಗವನ್ನು ಕಬ್ಬಿನ ಸಾಲಿನ ನಡುವೆ ಹೇಗೆ ಒಣಗಿಸುತ್ತಿದ್ದೆವು, ದೊಡ್ಡವಳಾದೆ ಅಂತ ಅಮ್ಮ ನಿಲ್ಲಿಸಿದ ದಿನ ಅಣ್ಣಂದಿರು ಹಾರುವ ಸದ್ದು ಕೇಳಿಸಿಕೊಂಡು ಹಿತ್ತಲಲ್ಲಿ ಹೇಗೆ ಕೂತಿದ್ದೆ. ಅವಳು ನಡುನಡುವೆ ಕೇಳಿದಳು, ನಕ್ಕಳು, ಒಂದು ಸಲ ನನ್ನ ಮಣಿಕಟ್ಟು ಹಿಡಿದುಕೊಂಡಳು. ನನ್ನ ಮಗಳು ನನ್ನನ್ನು ಹೀಗೆ ಕಣ್ಣರಳಿಸಿ ನೋಡಿದ್ದು ಅದೇ ಮೊದಲು. ಆ ಹೋಟೆಲಿನ ಗದ್ದಲದಲ್ಲಿ ನನಗೆ ಬೇರೇನೂ ಬೇಡವೆನಿಸಿತು.

ಆಸೆ ತಡೆಯದೆ ಕೇಳಿಬಿಟ್ಟೆ. "ಇವತ್ತು ಯಾಕೆ ಕೇಳಬೇಕು ಅನ್ನಿಸ್ತು ನಿನಗೆ?"

"ಮೇಡಂ ಬೈಕ್ ಹತ್ತೋವಾಗ ಕಿವೀಲಿ ಹೇಳಿದ್ರು. 'ನಿಮ್ಮವ್ವ ಚಿಕ್ಕೋಳಿದ್ದಾಗ ಏನಾಡ್ತಿದ್ರು, ಯಾವತ್ತಾನ ಕೇಳಿದ್ದೀಯೇನೇ? ಮನೇಗೋಗಿ ಮೊದ್ಲು ಅದ್ನ ಕೇಳು' ಅಂತ."

ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಭಗ್ಗನೆದ್ದಿತು. ಇದನ್ನೂ ಅವರೇ ಕೊಟ್ಟು ಹೋಗಬೇಕಿತ್ತೆ? ನಾನು ತಟ್ಟೆ ನೋಡುತ್ತಾ ಕೂತೆ.

"ಆಮೇಲೆ?" ಅಂದಳು ಮಗಳು, ಚಟ್ನಿಯನ್ನು ನನ್ನ ಕಡೆ ಸರಿಸುತ್ತಾ. "ಮತ್ತೆ ಯಾವತ್ತೂ ಹಾರಲೇ ಇಲ್ವಾ?"

"ಹಾರಿದೆ" ಅಂದೆ. "ಒಂದು ಸಲ. ಮದುವೆಗೆ ಮುಂಚೆ, ಯಾರಿಗೂ ಹೇಳದೆ." ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.